ಮೂರನೇ ಪೆಟ್ಟಿಗೆ

೨೦೧೮ರ ಮಾರ್ಚ್ ೧೬, ಶುಕ್ರವಾರ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಕೂಕಟ್‌ಪಲ್ಲಿಯ ಠಾಣೆಗೆ ಬಂದ ಹೆಣ್ಣುಮಗಳು ಕುರ್ಚಿಯಲ್ಲಿ ಕೂರುವ ಮೊದಲೇ ತೆಲುಗಿನಲ್ಲಿ ಹೇಳಿದಳು, ತನ್ನ ಕಂಪ್ಯೂಟರ್ ಕಳುವಾಗಿದೆ ಎಂದು. ಸಬ್ ಇನ್‌ಸ್ಪೆಕ್ಟರ್ ಶಿವಗಂಗಾ ಹೆಸರು, ವಿಳಾಸ ಕೇಳಿದಳು. ಸಂಯುಕ್ತಾ, ಮೂವತ್ತಮೂರು ವರ್ಷ, ಬಾಲಾಜಿ ನಗರದ ಮೂರನೇ ಮಹಡಿಯ ಫ್ಲಾಟು. ತಂದೆ ಮೈಸೂರು ಕಡೆಯವರು, ಇಲ್ಲಿಯ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು.

"ಕನ್ನಡದಾಗ ಹೇಳ್ರಿ, ನಡೀತೈತಿ," ಅಂದಳು ಶಿವಗಂಗಾ. ಅವಳ ಅಪ್ಪ ಅವ್ವ ಯಾದಗಿರಿ ಕಡೆಯಿಂದ ಬಂದು ಮಾದಾಪುರದ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರು. ಮನೆಯ ಮಾತು ಇನ್ನೂ ಅದೇ.

"ಲ್ಯಾಪ್‌ಟಾಪಾ?"

"ಅಲ್ಲ, ಡೆಸ್ಕ್‌ಟಾಪು. ಆದರೆ ಚಿಕ್ಕದು." ಸಂಯುಕ್ತಾ ಕೈಯಲ್ಲಿ ಅಳತೆ ತೋರಿಸಿದಳು. ಎರಡು ಚಪ್ಪಲಿ ಡಬ್ಬಿ ಜೋಡಿಸಿಟ್ಟಷ್ಟು. "ಮೇಲೆ ಹಿಡಿಕೆ ಇದೆ, ತರಕಾರಿ ಬುಟ್ಟಿ ಹಿಡಿದ ಹಾಗೆ ಹಿಡಿದುಕೊಂಡು ಹೋಗಬಹುದು. ನಾನು ಇನ್ನೂ ಕಟ್ಟದ ಅಪಾರ್ಟ್‌ಮೆಂಟುಗಳನ್ನು ಪರದೆಯ ಮೇಲೆ ಕಟ್ಟಿ ತೋರಿಸೋ ಕೆಲಸ ಮಾಡ್ತೀನಿ. ಬಿಲ್ಡರುಗಳ ಆಫೀಸಿಗೇ ಒಯ್ದು ಓಡಿಸಬೇಕು. ಲ್ಯಾಪ್‌ಟಾಪು ತಡೆಯೋದಿಲ್ಲ, ದೊಡ್ಡ ಡಬ್ಬಿ ಹೊರೋಕಾಗಲ್ಲ. ಅದಕ್ಕೇ ಹೇಳಿ ಮಾಡಿಸಿದ್ದು."

"ಮನ್ಯಾಗ ಮತ್ತೇನು ಹೋಗೈತಿ?"

"ಏನೂ ಇಲ್ಲ. ಅದೇ ಮೇಜಿನ ಮೇಲೆ ನನ್ನ ಚಿನ್ನದ ಬಳೆ ಇತ್ತು. ಹಾಗೇ ಇದೆ."

ಮನೆಯೊಳಗೆ ನುಗ್ಗಿ ಕಳವು ಎಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಶಿವಗಂಗಾ ಹೆಡ್ ಕಾನ್ಸ್‌ಟೇಬಲ್ ಗೊಲ್ಲಾಳಪ್ಪನನ್ನು ಕರೆದುಕೊಂಡು ಸ್ಥಳಕ್ಕೆ ಹೋದಳು. ಬೀಗ ಮುರಿದಿರಲಿಲ್ಲ. ಕೀಲಿ ಬಾಗಿಲ ಪಕ್ಕದ ತುಳಸಿ ಕುಂಡದ ಕೆಳಗೆ ಇರುತ್ತದೆಂದು, ಪರಿಚಯದವರಿಗೆ ಅದು ಗೊತ್ತೆಂದು ಸಂಯುಕ್ತಾ ತುಸು ನಾಚಿಕೆಯಿಂದ ಒಪ್ಪಿಕೊಂಡಳು. ಪವರ್ ಕೇಬಲ್ ಮಾತ್ರ ಮೇಜಿನ ಮೇಲೆ ಉಳಿದಿತ್ತು. ಯಾರೋ ಅದನ್ನು ಒಪ್ಪವಾಗಿ ಸುರುಳಿ ಸುತ್ತಿ, ಅದರದ್ದೇ ಪಟ್ಟಿಯಿಂದ ಕಟ್ಟಿಟ್ಟಿದ್ದರು.

"ಕಳ್ಳ ಇಷ್ಟು ಪುರುಸೊತ್ತಿಲೆ ಕೆಲಸ ಮಾಡ್ಯಾನ," ಅಂದ ಗೊಲ್ಲಾಳಪ್ಪ.

ಕೆಳಗೆ ಕಾವಲುಗಾರನ ರಿಜಿಸ್ಟರಿನಲ್ಲಿ ಗುರುವಾರದ ನಮೂದು ಸಿಕ್ಕಿತು: ೧೨.೪೦, ಕುಮಾರ್, ಕಂಪ್ಯೂಟರ್ ರಿಪೇರಿ. ಹೆಲ್ಮೆಟ್ ತೆಗೆದಿರಲಿಲ್ಲ ಎಂದ ಕಾವಲುಗಾರ. ಮತ್ತೆ ನೆನೆಸಿಕೊಂಡು ಹೇಳಿದ: ಹೋಗುವಾಗ ಕುಡಿಯಲು ನೀರು ಕೇಳಿ, ಹೆಲ್ಮೆಟ್ಟಿನ ಗಾಜು ಎತ್ತಿ ಎರಡು ಲೋಟ ಕುಡಿದ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸಂಯುಕ್ತಾಳ ಫೋನು ಬಂತು. ಟಪಾಲು ಡಬ್ಬಿಯಲ್ಲಿ ಒಂದು ಲಕೋಟೆ ಸಿಕ್ಕಿದೆ, ಬೇಗ ಬನ್ನಿ ಎಂದಳು.

ಲಕೋಟೆಯೊಳಗೆ ಬೆಳ್ಳಿ ಬಣ್ಣದ ಚೀಲ, ಚೀಲದೊಳಗೆ ಬೆರಳಗಲದ ಒಂದು ಪಟ್ಟಿ. ಅವಳ ಎರಡು ವರ್ಷದ ಕೆಲಸವೆಲ್ಲ ಇದ್ದ ಡ್ರೈವು. ಚೀಟಿ ಇರಲಿಲ್ಲ. ಜೊತೆಗೆ ಕಾಗದದ ಚೂರಿಗೆ ಟೇಪಿನಿಂದ ಅಂಟಿಸಿದ್ದ, ಸಾಸಿವೆ ಕಾಳಿಗಿಂತ ಕೊಂಚ ದೊಡ್ಡದಾದ ಒಂದು ಸ್ಕ್ರೂ.

"ಇದು ಯಾಕ?" ಶಿವಗಂಗಾ ಕೇಳಿದಳು.

"ಡ್ರೈವ್ ಕೂರಿಸೋಕೆ ಇದೇ ಬೇಕು. ಕಳೆದುಹೋದರೆ ಬೇಗ ಸಿಗೋಲ್ಲ."

"ಇದನ್ನ ನೆನಪಿಟ್ಟು ಕಳಿಸಾಂವ ಕಟ್ಟೋದು ಬಲ್ಲಾಂವ ಇರಬೇಕು. ನಿಮ್ಮದನ್ನ ಕಟ್ಟಿದ್ದು ಯಾರು?"

"ವಿನಾಯಕ ಅಂತ. ಅವನು ಅಂಥವನಲ್ಲ, ಮೇಡಂ. ಸಾಫ್ಟ್‌ವೇರ್ ಕಂಪನಿಯಲ್ಲಿ ಒಳ್ಳೇ ಕೆಲಸದಲ್ಲಿದ್ದಾನೆ. ರಜಾ ದಿನ ಇದೇ ಹುಚ್ಚು ಅವನಿಗೆ. ಡಬ್ಬಿಯ ನಕ್ಷೆ ತಾನೇ ಬರೆದು ಬಾಲಾನಗರದಲ್ಲಿ ತಗಡು ಕತ್ತರಿಸಿ ಮಡಿಚಿಸಿದ. ಕಟ್ಟುವಾಗ ದಿನಾ ಫೋಟೊ ಕಳಿಸ್ತಿದ್ದ." ಫೋನು ತೆರೆದು ತೋರಿಸಿದಳು.

ಬೂದು ತಗಡಿನ ಪೆಟ್ಟಿಗೆ, ಮೇಲೆ ಬೀಟೆ ಮರದ ಹಿಡಿಕೆ, ಹಿಡಿಕೆಯ ಎರಡು ತುದಿಗೆ ಎರಡು ಹಿತ್ತಾಳೆ ಮೊಳೆ. ಶಿವಗಂಗಾ ಫೋನನ್ನು ಕೈಗೆ ತೆಗೆದುಕೊಂಡಳು. ಈ ಮೊಳೆಗಳನ್ನು ಅವಳು ನೋಡಿದ್ದಳು. ಮರ ಸುಟ್ಟುಹೋಗಿ, ಮಸಿಯಾದ ತಗಡಿನ ಮೇಲೆ ಆ ಎರಡು ಮೊಳೆ ಮಾತ್ರ ನಿಂತಿದ್ದವು.

ಠಾಣೆಗೆ ವಾಪಸಾದ ಮೇಲೆ ಅವಳು ಯಾರಿಗೂ ಹೇಳದೆ ಕಪಾಟಿನಿಂದ ಫೆಬ್ರುವರಿಯ ಕಡತ ತೆಗೆದಳು. ಫೆಬ್ರುವರಿ ೮, ಮೂಸಾಪೇಟೆ. ಮನೆಗೆ ಬೆಂಕಿ, ಹೊಗೆಯಲ್ಲಿ ಉಸಿರುಗಟ್ಟಿ ಪಾರ್ವತಿಬಾಯಿ ಎಂಬ ಅರವತ್ತೊಂದು ವಯಸ್ಸಿನ ಹೆಂಗಸಿನ ಸಾವು. ಅಂದು ಮೂರು ಗಂಟೆಗೆ ಮಂತ್ರಿಯೊಬ್ಬರ ಬಂದೋಬಸ್ತಿಗೆ ಹೊರಡಬೇಕಿತ್ತು. ಶಿವಗಂಗಾ ಇಪ್ಪತ್ತು ನಿಮಿಷದಲ್ಲಿ ಪಂಚನಾಮೆ ಮುಗಿಸಿದ್ದಳು. ಬೆಂಕಿ ಹತ್ತಿದ ಯಂತ್ರ ಯಾವುದು, ಯಾರು ಮಾಡಿದ್ದು ಎಂದು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬದಲಿಗೆ ತನ್ನದೇ ಕೈಬರಹದಲ್ಲಿ ಬರೆದಿದ್ದಳು: ಮೃತಳ ಮಗ ಅಂಬಾದಾಸನು ಅಜಾಗರೂಕತೆಯಿಂದ ಕಂಪ್ಯೂಟರನ್ನು ಚಾಲೂ ಬಿಟ್ಟು ಹೊರಗೆ ಹೋದುದರಿಂದ ಶಾರ್ಟ್ ಸರ್ಕ್ಯೂಟ್ ಉಂಟಾಗಿ.

ಅಜಾಗರೂಕತೆ ಎಂಬ ಮಾತು ಅವನ ಬಾಯಿಂದ ಬಂದದ್ದಲ್ಲ. ಅದು ಅವಳದು. ಫಾರಂ ತುಂಬಲು ಒಂದು ಕಾರಣ ಬೇಕಿತ್ತು.

"ಏನ್ರಿ ಮೇಡಂ?" ಗೊಲ್ಲಾಳಪ್ಪ ಬಾಗಿಲಲ್ಲಿ ನಿಂತಿದ್ದ.

"ಜೀಪು ತೆಗೀರಿ. ಮೂಸಾಪೇಟೆಗೆ ಹೋಗಬೇಕು."

ಅಂಬಾದಾಸ ಬೀದರ್ ಕಡೆಯವನು, ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವವನು. ಬಾಗಿಲು ತೆಗೆದಾಗ ಒಳಗಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಮಾರ್ಚಿನ ಬಿಸಿಲಲ್ಲೂ ಫ್ಯಾನು ತಿರುಗುತ್ತಿರಲಿಲ್ಲ. ಮನೆಯ ಪ್ರತಿಯೊಂದು ಸ್ವಿಚ್ಚಿನ ಮೇಲೂ ಕಂದು ಟೇಪು ಬಿಗಿದಿತ್ತು.

"ಆ ಕಂಪ್ಯೂಟರ್ ಯಾರು ಕಟ್ಟಿದ್ದು?"

"ವಿನಾಯಕ. ನನ್ನ ಗೆಳೆಯ, ಕೂಡಿ ಓದಿದವರು ನಾವು. ಅವ್ವನ ಕೈ ರೊಟ್ಟಿ ತಿಂದೇ ದೊಡ್ಡಾಂವ ಆಗ್ಯಾನ." ಅಂಬಾದಾಸ ನೆಲ ನೋಡುತ್ತ ಮಾತಾಡಿದ. "ಮದುವಿ ಶೂಟಿಂಗಿಗೆ ಹೋದಲ್ಲೇ ಕೂತು ಕೆಲಸ ಮಾಡಲಿ ಅಂತ ನನಗಾಗೇ ಮೊದಲನೇದು ಮಾಡಿಕೊಟ್ಟ. ಭಾಳ ಚಲೋ ಕಟ್ಟಿದ್ದ. ಮಷೀನಿನದು ತಪ್ಪಿಲ್ಲ, ಮೇಡಂ. ನಾನು ಚಾಲೂ ಬಿಟ್ಟು ಸಿಕಂದರಾಬಾದಿಗೆ ಆಲ್ಬಂ ಕೊಡಾಕ ಹೋದೆ. ಅವ್ವ ಒಳಗ ಮಲಗಿದ್ದಳು. ನೀವೂ ಹಂಗೇ ಬರದೀರಲ್ಲ."

ಶಿವಗಂಗಾ ವಿನಾಯಕನ ವಿಳಾಸ ಬರೆದುಕೊಂಡು ಎದ್ದಳು.

ನಿಜಾಂಪೇಟೆಯ ಮನೆ ತಲುಪಿದಾಗ ಮಧ್ಯಾಹ್ನ ಒಂದೂ ಹತ್ತು. ವಿನಾಯಕನ ಹೆಂಡತಿ ವನಜಾ ಪೊಲೀಸರನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡ ತಿಂಗಳಿಂದ ರಜೆಯಲ್ಲಿದ್ದಾರೆ, ಸರಿಯಾಗಿ ಊಟವಿಲ್ಲ, ನಾಲ್ಕೈದು ದಿನದಿಂದ ದಿನಾ ದಿಲ್‌ಸುಖ್‌ನಗರಕ್ಕೆ ಹೋಗುತ್ತಾರೆ, ಯಾಕೆಂದು ಹೇಳುವುದಿಲ್ಲ. ನಿನ್ನೆ ಮೊನ್ನೆ ಯಾರದೋ ಕಂಪ್ಯೂಟರು ರಿಪೇರಿಗೆ ಬಂದಿದೆ ಅಂದರು.

ಅದು ಒಳಗಿನ ಕೋಣೆಯ ಮೇಜಿನ ಮೇಲೆ ಬಿಚ್ಚಿ ಇಟ್ಟಿತ್ತು. ಅಂಗೈಯಗಲದ ಬೋರ್ಡು, ಅದಕ್ಕೆ ಬೆನ್ನು ಕೊಟ್ಟು ನಿಂತ ಗ್ರಾಫಿಕ್ಸ್ ಕಾರ್ಡು, ಎರಡನ್ನೂ ಬೆಸೆಯುವ ತೆಳ್ಳನೆಯ ಇನ್ನೊಂದು ಪಟ್ಟಿ. ಆ ಪಟ್ಟಿಯನ್ನು ತಗಡಿಗೆ ಬಿಗಿಯುವ ಸ್ಕ್ರೂವಿನ ಸುತ್ತ ತೊಗರಿ ಬೇಳೆಯಷ್ಟು ಸುಟ್ಟ ಕಂದು ಕಲೆ. ಪಕ್ಕದಲ್ಲಿ ಒಂದು ನೋಟುಪುಸ್ತಕ. ಅದರಲ್ಲಿ ಮೂರು ಹೆಸರು: ಅಂಬಾದಾಸ, ಸಂಯುಕ್ತಾ, ಪ್ರೇಮಾ. ಮೊದಲಿನ ಎರಡಕ್ಕೆ ಗೆರೆ ಎಳೆದಿತ್ತು.

"ಪ್ರೇಮಾ ಯಾರು?"

"ದಿಲ್‌ಸುಖ್‌ನಗರದಾಗ ಕೋಚಿಂಗ್ ಸೆಂಟರಿನಾಗ ಬಯಾಲಜಿ ಟೀಚರ್ರಿ. ಮೂರು ಕಡೆ ಪಾಠ ಮಾಡ್ತಾರ, ಒಯ್ಯಾಕ ಹಗುರ ಇರಲಿ ಅಂತ ಇವರ ಕಡೆ ಮಾಡಿಸಿಕೊಂಡಿದ್ರು."

ಜಪ್ತಿ ಪಂಚನಾಮೆಗೆ ಜೊತೆಗೆ ಬಂದಿದ್ದ ಕಾನ್ಸ್‌ಟೇಬಲನನ್ನು ಬಿಟ್ಟು ಇಬ್ಬರೂ ಜೀಪು ಹತ್ತಿದರು. ಪ್ರೇಮಾಳ ಫೋನು ಪಾಠದ ಹೊತ್ತಾದ್ದರಿಂದ ಬಂದಾಗಿತ್ತು. ಕೋಚಿಂಗ್ ಸೆಂಟರಿನ ಫೋನಿಗೆ ಮಾಡಿದರೆ ಪ್ರವೇಶದ ವಿಚಾರಕ್ಕೆ ಒಂದು ಒತ್ತಿ ಎಂಬ ಧ್ವನಿಮುದ್ರಿಕೆ. ಶಿವಗಂಗಾ ಅಲ್ಲಿಯ ಠಾಣೆಗೆ ತಿಳಿಸಿದಳು. ಅಮೀರ್‌ಪೇಟೆಯ ಮೆಟ್ರೋ ಕಂಬಗಳ ನಡುವೆ ಜೀಪು ಹದಿನೈದು ನಿಮಿಷ ನಿಂತುಬಿಟ್ಟಿತು. ತಾನು ಆವತ್ತು ಒಂದು ಪ್ರಶ್ನೆ ಕೇಳಿದ್ದರೆ ಐದು ವಾರದ ಹಿಂದೆಯೇ ಈ ಮೂರು ಹೆಸರು ಸಿಗುತ್ತಿದ್ದವು. ಅವಳು ಅದನ್ನು ಗೊಲ್ಲಾಳಪ್ಪನಿಗೆ ಹೇಳಲಿಲ್ಲ. ಅವನೂ ಆ ಪಂಚನಾಮೆಯ ದಿನ ಜೊತೆಗಿದ್ದವನೇ, ಹೇಳುವ ಅಗತ್ಯವಿರಲಿಲ್ಲ.

ಎರಡೂ ಐವತ್ತಕ್ಕೆ ಸೆಂಟರ್ ತಲುಪಿದರು. ಸ್ಥಳೀಯ ಠಾಣೆಯವರು ಇನ್ನೂ ಬಂದಿರಲಿಲ್ಲ. ಎರಡನೇ ಮಹಡಿಯ ಹಾಲಿನಲ್ಲಿ ಅರವತ್ತು ಎಪ್ಪತ್ತು ಮಕ್ಕಳು ಒತ್ತಾಗಿ ಕೂತಿದ್ದರು. ಗೋಡೆಯ ಮೇಲೆ ಹೃದಯವೊಂದು ಬಿಚ್ಚಿಕೊಳ್ಳುತ್ತ, ಕವಾಟಗಳನ್ನು ತೋರಿಸುತ್ತ ತಿರುಗುತ್ತಿತ್ತು. ಅದನ್ನು ತಿರುಗಿಸುತ್ತಿದ್ದ ಬೂದು ಪೆಟ್ಟಿಗೆ ಮುಂದಿನ ಬೆಂಚಿನಿಂದ ಎರಡು ಮಾರು ದೂರದಲ್ಲಿತ್ತು.

ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಮೂವತ್ತರ ಗಂಡಸೊಬ್ಬ ಕೂತಿದ್ದ. ಅವನ ಕಣ್ಣು ಗೋಡೆಯ ಮೇಲಿರಲಿಲ್ಲ, ಪೆಟ್ಟಿಗೆಯ ಮೇಲಿತ್ತು. ತೊಡೆಯ ಮೇಲಿನ ಚೀಲದ ಬಾಯಿ ತೆರೆದಿತ್ತು. ಅದರಿಂದ ಕಾರಿನಲ್ಲಿಡುವ ಸಣ್ಣ ಬೆಂಕಿ ನಂದಿಸುವ ಸಿಲಿಂಡರಿನ ಕೆಂಪು ತಲೆ ಕಾಣುತ್ತಿತ್ತು.

ಶಿವಗಂಗಾ ನೇರ ಮುಂದೆ ಹೋಗಿ ಪ್ರೇಮಾಳ ಕಿವಿಯಲ್ಲಿ ಎರಡು ಮಾತು ಹೇಳಿ, ಗೋಡೆಯ ಸ್ವಿಚ್ಚು ಆರಿಸಿದಳು. ಹೃದಯ ಮಾಯವಾಯಿತು. ಮಕ್ಕಳು ಗಲಗಲ ಎನ್ನುತ್ತ ಮೆಟ್ಟಿಲಿಳಿದರು. ವಿನಾಯಕ ಏಳಲಿಲ್ಲ. ಗೊಲ್ಲಾಳಪ್ಪ ಹತ್ತಿರ ಹೋಗಿ ಹೆಸರು ಕೇಳಿದಾಗ, "ನಾನೇ," ಅಂದ. ನಂತರ, "ಪ್ಲಗ್ ಪೂರಾ ಕಿತ್ತುಬಿಡ್ರಿ," ಅಂದ.

"ಐದು ದಿನದಿಂದ ಬರ್ತಿದಾರೆ," ಪ್ರೇಮಾ ಹೇಳಿದಳು. "ಹೊಸ ಭಾಗ ಹಾಕಿಕೊಡ್ತೀನಿ, ಕೊಡಿ ಅಂತಿದ್ರು. ಪರೀಕ್ಷೆ ಹತ್ತಿರ ಬಂತು, ಮುಂದಿನ ತಿಂಗಳು ನೋಡೋಣ ಅಂದೆ. ಹಾಗಾದ್ರೆ ಕ್ಲಾಸಿನಲ್ಲಿ ಕೂರ್ತೀನಿ, ಶಬ್ದ ಬರುತ್ತಾ ನೋಡ್ತೀನಿ ಅಂದ್ರು. ಬೆಂಕಿ ವಿಷಯ ಒಂದು ಮಾತೂ ಹೇಳಲಿಲ್ಲ."

ಮಧ್ಯಾಹ್ನ ಮೂರೂ ಹದಿನೈದಕ್ಕೆ ಆರೋಪಿಯನ್ನು ಬಂಧಿಸಲಾಯಿತು. ಠಾಣೆಯಲ್ಲಿ ಐದೂವರೆಗೆ ವಿಚಾರಣೆ.

"ಸಂಯುಕ್ತಾ ಮನೆಗೆ ಹೋಗಿದ್ದು ನೀನ?"

"ಹೌದು."

"ಕೇಳಿದ್ರೆ ಕೊಡ್ತಿರಲಿಲ್ಲೇನು?"

"ಎರಡು ಸಲ ಕೇಳಿದೆ. ಚೆನ್ನಾಗೇ ನಡೀತಿದೆ, ಯಾಕೆ ಅಂದ್ರು. ಯಾಕೆ ಅಂತ ಹೇಳಾಕ ಆಗಲಿಲ್ಲ."

"ತಪ್ಪು ಯಾವಾಗ ಗೊತ್ತಾತು?"

"ಬೆಂಕಿ ಬಿದ್ದ ಮರುದಿನ. ಅಂಬಾದಾಸನ ಮನ್ಯಾಗ ಸುಟ್ಟ ಪೆಟ್ಟಿಗಿ ಮೂಲ್ಯಾಗ ಬಿದ್ದಿತ್ತು. ಎಲ್ಲಾರೂ ಹೊರಗಿದ್ರು. ನಾ ನೋಡಿದೆ." ವಿನಾಯಕ ಮೇಜಿನ ಮೇಲೆ ಬೆರಳಿಂದ ಗೆರೆ ಎಳೆದ. "ವಿಮಾನದಾಗ ತಲಿ ಮ್ಯಾಲಿನ ಖಾನೆಯಾಗ ಕೂರಬೇಕು ಅಂತ ಮೂರೂ ಪೆಟ್ಟಿಗಿ ಮೂರು ಮಿಲಿಮೀಟರ್ ಕಡಿಮಿ ಮಾಡಿದ್ದೆ. ಅದರಿಂದ ಒಂದು ಸ್ಕ್ರೂ ಕರೆಂಟ್ ಹರಿಯೋ ಗೆರಿಗೆ ಭಾಳ ಹತ್ತಿರ ಬಂತು. ಮೇಜಿನ ಮ್ಯಾಲೇ ಇಟ್ಟಿದ್ರೆ ಏನೂ ಆಗ್ತಿರಲಿಲ್ಲ. ಹೊತ್ತು ತಿರುಗಿದಂಗ ತಿಕ್ಕಿ ತಿಕ್ಕಿ ಮ್ಯಾಲಿನ ಪದರ ಹೋಗ್ತೈತಿ. ಪೂರಾ ಶಾರ್ಟ್ ಆದ್ರೆ ತಾನೇ ಬಂದ್ ಆಗ್ತಿತ್ತು. ಅರ್ಧಮರ್ಧ ಆದ್ರೆ ಆಗಂಗಿಲ್ಲ. ಕಾಯ್ತೈತಿ, ಆಮ್ಯಾಲೆ ಹತ್ತಿಕೊಳ್ತೈತಿ. ಪ್ಲಾಸ್ಟಿಕ್ಕಿನ ಸ್ಕ್ರೂ ಹಾಕಿದ್ರೆ ಸಾಕಿತ್ತು."

"ಅಂಬಾದಾಸಗ ಯಾಕ ಹೇಳಲಿಲ್ಲ?"

ಗೊಲ್ಲಾಳಪ್ಪ ನೀರು ಮುಂದಿಟ್ಟ. ವಿನಾಯಕ ಮುಟ್ಟಲಿಲ್ಲ.

"ಹೇಳಾಕಂತ್ಲೇ ಹೋಗಿದ್ದೆ. ನಾ ಬಾಯಿ ತೆರಿಯೋದ್ರೊಳಗ ಅಂವ ನನ್ನ ತೆಕ್ಕಿ ಹಾಯ್ದು, ನಾನೇ ಅವ್ವನ್ನ ಕೊಂದೆ, ಚಾಲೂ ಬಿಟ್ಟು ಹೋದೆ ಅಂತ ಅತ್ತ. ಆವತ್ತು ಹೇಳಲಿಲ್ಲ. ಮರುದಿನ ಹೇಳೋಣ ಅಂದುಕೊಂಡೆ. ಪೊಲೀಸರೂ ಹಂಗೇ ಬರದಾರ ಅಂತ ಆಮ್ಯಾಲೆ ಗೊತ್ತಾತು. ಆವಾಗ..." ಅವನು ಶಿವಗಂಗಾಳನ್ನು ನೋಡಿದ, ಹಾಗೆ ಬರೆದವಳು ಇವಳೇ ಎಂದು ಅವನಿಗೆ ತಿಳಿದಿರಲಿಲ್ಲ. "ಆವಾಗ ಸ್ವಲ್ಪ ಹಗುರ ಅನಿಸ್ತು, ಮೇಡಂ. ಅದನ್ನೂ ಬರಕೊಳ್ರಿ."

ಶಿವಗಂಗಾ ಬರೆದುಕೊಂಡಳು.

ಆರೂವರೆಗೆ ಇನ್‌ಸ್ಪೆಕ್ಟರ್ ಎರಡೂ ಕಡತ ನೋಡಿದರು. ಫೆಬ್ರುವರಿಯ ಕಡತವನ್ನು, ಪೆಟ್ಟಿಗೆ ಕಟ್ಟಿದವನ ನಿರ್ಲಕ್ಷ್ಯದಿಂದಾದ ಸಾವು ಎಂದು ಮತ್ತೆ ತೆರೆಯಬೇಕು ಎಂದಳು ಶಿವಗಂಗಾ.

"ನಿನ್ನ ಪಂಚನಾಮೆ ಬೇರೆ ಹೇಳುತ್ತದಲ್ಲ. ವಿವರಣೆ ಕೇಳುತ್ತಾರೆ. ನಿನ್ನ ಸರ್ವಿಸ್ ಬುಕ್ಕಿಗೆ ಬರುತ್ತದೆ."

"ಬರಲಿ ಸರ್."

ವಿವರಣೆಯನ್ನು ಅವಳು ಅಲ್ಲೇ ಕೂತು ಬರೆದಳು. ಅಂದು ಮಂತ್ರಿಯ ಬಂದೋಬಸ್ತಿಗೆ ಹೊರಡಬೇಕಿತ್ತು ಎಂದು ಬರೆದು, ಹೊಡೆದುಹಾಕಿದಳು.

ಮರುದಿನ ಭಾನುವಾರ, ಯುಗಾದಿ. ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮನೆಯಲ್ಲಿ ಹಾಜರುಪಡಿಸಿ ರಿಮಾಂಡಿಗೆ ಕಳಿಸಿದ ಮೇಲೆ ಶಿವಗಂಗಾ ಒಬ್ಬಳೇ ಮೂಸಾಪೇಟೆಗೆ ಹೋದಳು. ಓಣಿಯ ಎಲ್ಲ ಬಾಗಿಲಿಗೂ ಮಾವಿನ ತೋರಣವಿತ್ತು, ಸೂತಕದ ವರ್ಷವಾದ್ದರಿಂದ ಅಂಬಾದಾಸನ ಬಾಗಿಲಿಗೆ ಇರಲಿಲ್ಲ. ಅವಳು ಕೂರಲಿಲ್ಲ. ಪೆಟ್ಟಿಗೆಯ ವಿಷಯ, ಸ್ಕ್ರೂವಿನ ವಿಷಯ ಒಂದೊಂದಾಗಿ ಹೇಳಿದಳು. ಕೊನೆಗೆ, "ಪಂಚನಾಮೆಯೊಳಗ ನಿಮ್ಮ ಅಜಾಗರೂಕತೆ ಅಂತ ಬರದದ್ದು ನಾನು. ನೀವು ಹಂಗ ಹೇಳಿರಲಿಲ್ಲ. ನಾನು ಕೇಳಲೂ ಇಲ್ಲ. ತಪ್ಪು ನಂದು," ಅಂದಳು.

ಅಂಬಾದಾಸ ಅಳುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

"ಹನ್ನೊಂದು ದಿನ ವಿನಾಯಕ ಇಲ್ಲೇ ಮಲಗಿದ್ದ," ಅಂದ. "ನಾ ಉಣ್ಣಲಿಲ್ಲ ಅಂದ್ರೆ ಅಂವ ಕಲಸಿ ಬಾಯಿಗಿಡ್ತಿದ್ದ. ಅವ್ವ ಹೋದ ಮ್ಯಾಲೆ ನನಗಿದ್ದದ್ದು ಅವನೊಬ್ಬನೇ."

ಆಮೇಲೆ ಕೇಳಿದ, "ಈಗ ಅಂವ ಎಲ್ಲಿ ಅದಾನ?"

"ಚಂಚಲಗುಡ ಜೈಲಿನಾಗ."

"ಭೇಟಿಗೆ ಯಾವ ವಾರ ಬಿಡ್ತಾರ?"

ಯಾವ ವಾರ, ಎಷ್ಟು ಗಂಟೆಗೆ, ಯಾವ ಗುರುತಿನ ಚೀಟಿ ಬೇಕು ಎಂದು ಶಿವಗಂಗಾ ಹೇಳಿದಳು. ಬೈಯಲು ಹೋಗುತ್ತಾನೋ, ನೋಡಲು ಹೋಗುತ್ತಾನೋ ಅವಳಿಗೆ ತಿಳಿಯಲಿಲ್ಲ. ಅದು ಪ್ರಾಯಶಃ ಅವನಿಗೂ ತಿಳಿದಿರಲಿಲ್ಲ. ಅವನು ಪೆನ್ನು ಹುಡುಕಿ, ಅವಳು ಹೇಳಿದ್ದನ್ನೆಲ್ಲ ಅಂಗೈ ಮೇಲೆ ಬರೆದುಕೊಂಡ.