ಪಂಕ್ತಿಯಿಂದ ಮೊದಲು ಎದ್ದವಳು

"ಇದ್ರಾಗ ಡೌನ್‌ಲೋಡಿಗೆ ಯಾವ ಸಾಫ್ಟ್‌ವೇರ್ ಹಾಕೀರಿ?"

ಹೆಣ್ಣು ನೋಡಲು ಚಿತ್ತಾಪುರದಿಂದ ಶಹಾಬಾದಿಗೆ ಬಂದ ಶಾಂತಕುಮಾರ, ಮೂಲೆಯ ಕಂಪ್ಯೂಟರಿನತ್ತ ಕೈ ತೋರಿಸಿ ಉಮಾದೇವಿಯನ್ನು ಕೇಳಿದ ಮೊದಲ ಮಾತೇ ಇದು. ಮಂಡಕ್ಕಿ ಸುಸಲಾ ತಿನ್ನುತ್ತಿದ್ದ ಹಿರಿಯರು ಮುಖ ಮುಖ ನೋಡಿಕೊಂಡರು.

ಉಮಾ ತಟ್ಟನೆ ತಲೆಯೆತ್ತಿದಳು. ಇಲ್ಲಿಯವರೆಗೆ ಬಂದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದರು. ಟಿವಿ ಕೆಳಗಿನ ಹಳೇ ಕಂಪ್ಯೂಟರಿನ ಕಡೆ ಯಾರೂ ಕಣ್ಣೆತ್ತಿಯೂ ನೋಡಿರಲಿಲ್ಲ.

'ಇವನೇ...' ಎಂದಿತು ಮನಸ್ಸು. ಮನಸ್ಸಿಗೇನು, ಅವಸರ ಜಾಸ್ತಿ.

ಅದು ಅವಳು ಅವ್ವನಿಗಾಗಿ ಮಾಡಿಟ್ಟ ಮೀಡಿಯಾ ಸರ್ವರ್. ಲಕ್ವಾ ಹೊಡೆದು ಹಾಸಿಗೆ ಹಿಡಿದ ಮಹಾದೇವಮ್ಮ, ಶ್ರಾವಣದ ಪುರಾಣ ಕೇಳಲು ಮಠಕ್ಕೆ ಹೋಗುವಂತಿರಲಿಲ್ಲ. ಯಾರೋ ಪುಣ್ಯಾತ್ಮ ಮಠದ ಪುರಾಣವನ್ನೆಲ್ಲ ರೆಕಾರ್ಡ್ ಮಾಡಿ ಇಂಟರ್ನೆಟ್ಟಿನ ಟೊರೆಂಟಿನಲ್ಲಿ ಹಂಚುತ್ತಿದ್ದ. ಉಮಾ ಅದನ್ನು ಇಳಿಸಿಟ್ಟುಕೊಂಡು, ಅವ್ವನ ತಲೆದಿಂಬಿನ ಪಕ್ಕದ ಮೊಬೈಲಿನಲ್ಲಿ ಕೇಳಿಸುತ್ತಿದ್ದಳು.

ಸಾಫ್ಟ್‌ವೇರ್ ಆರಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಒಂದರಲ್ಲಿ ಬರೀ ಜಾಹೀರಾತು. ಇನ್ನೊಂದು ಹಾಕಿದರೆ ಹಳೇ ಕಂಪ್ಯೂಟರ್ ಮುಂದಕ್ಕೇ ಹೋಗುತ್ತಿರಲಿಲ್ಲ. ಕೊನೆಗೆ ಸಿಕ್ಕಿದ್ದು ಹಗುರವಾದದ್ದು, ಇಳಿಸಿದ್ದನ್ನು ಬೇರೆಯವರಿಗೆ ಕಳಿಸುವುದನ್ನು ಪೂರ್ತಿ ನಿಲ್ಲಿಸಲು ಬಿಡುವಂಥದ್ದು. ಅವಳಿಗೆ ಬೇಕಿದ್ದದ್ದೂ ಅದೇ.

ಉತ್ಸಾಹದಿಂದ ಸ್ಕ್ರೀನ್ ತೆರೆದು ತೋರಿಸಿದಳು. ಅದರಲ್ಲಿ ಹೊರಗೆ ಕಳಿಸಿದ್ದು ಸೊನ್ನೆ ಎಂದಿತ್ತು. ಶಾಂತಕುಮಾರನ ಮುಖ ಗಂಟಿಕ್ಕಿತು.

ಆ ಪುಣ್ಯಾತ್ಮ ಅವನೇ ಆಗಿದ್ದ! ಟೊರೆಂಟಿನಲ್ಲಿ ಪಡೆದವರು ಉಳಿದವರಿಗೂ ಕೊಡುತ್ತ ಹೋಗಬೇಕು. ಎಲ್ಲ ತೆಗೆದುಕೊಂಡು ಒಂದು ತುಣುಕನ್ನೂ ಕೊಡದೆ ಮಾಯವಾಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ.

"ದಾಸೋಹದಾಗ ತಾನು ಉಂಡು, ಬಾಜೂದವರ ಎಲಿಗಿ ಬಡಿಸೋಕಿಂತ ಮೊದ್ಲ ಪಂಕ್ತಿ ಬಿಟ್ಟು ಎದ್ದಂಗಾಯ್ತಲ್ರಿ ಇದು," ಎಂದ, ಎಲ್ಲರೆದುರು.

ಉತ್ತರ ಅವಳ ನಾಲಿಗೆ ತುದಿಯಲ್ಲೇ ಇತ್ತು. ಆ ನೆಟ್ ಉಮಾಳ ಮನೆಯದಲ್ಲ, ಪಕ್ಕದ ಮನೆಯ ಅಮೀರ್ಬೀಯದು. ನಿಮ್ಮವ್ವ ಪುರಾಣ ಕೇಳಲಿ ಎಂದು ಅವರೇ ಪಾಸ್‌ವರ್ಡ್ ಕೊಟ್ಟಿದ್ದರು. ಅವರ ಮಗಳು ನಗ್ಮಾ ನರ್ಸಿಂಗ್ ಪಾಠ ಕೇಳುವುದೂ ಅದರಲ್ಲೇ. ಇವಳು ಊರಿಗೆಲ್ಲ ಹಂಚಲು ಕೂತರೆ ಆ ಹುಡುಗಿಯ ಪಾಠ ನಿಂತೇ ಹೋಗುತ್ತಿತ್ತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಮಾಡುವುದು ಉಮಾಳಿಗೆ ಆಗದ ಮಾತು.

ಆದರೆ ಗಂಡಿನ ಕಡೆಯವರ ಮುಂದೆ ಅಪ್ಪ ಅಂಬಾರಾಯ ರುಮಾಲು ಸುತ್ತಿ ಠೀವಿಯಿಂದ ಕೂತಿದ್ದ. ನಮ್ಮ ಮನೆಯ ನೆಟ್ಟೂ ನೆರೆಯವರದು ಎಂದು ಹೇಗೆ ಹೇಳುವುದು? ನುಂಗಿಕೊಂಡಳು.

ಬರೀ ತೆಗೆದುಕೊಳ್ಳುವ ಮನೆಯ ಸಂಬಂಧ ಬೇಡವೆಂದು ಚಿತ್ತಾಪುರದಿಂದ ಸುದ್ದಿ ಬಂತು. ಅದು ಮಹಾದೇವಮ್ಮನ ಕಿವಿಗೂ ಬಿತ್ತು.

ತನ್ನ ಪುರಾಣದಿಂದಲೇ ಮಗಳ ಸಂಬಂಧ ಮುರಿಯಿತು ಎಂದುಕೊಂಡ ಆ ತಾಯಿ ಮೊಬೈಲನ್ನು ಬೋರಲು ಹಾಕಿದಳು. ಮತ್ತೆಂದೂ ಕೇಳಲಿಲ್ಲ. ಉಮಾ ಬೇಡಿಕೊಂಡಾಗೆಲ್ಲ ಗೋಡೆಯತ್ತ ಮುಖ ತಿರುಗಿಸುತ್ತಿದ್ದಳು.

ಉಮಾ ಅವನನ್ನು ಮನಸಾರೆ ಶಪಿಸಿದಳು. ಶಪಿಸಲಿಕ್ಕಾದರೂ ದಿನವೂ ನೆನೆಯಬೇಕಲ್ಲ... ಅದೇ ಅವಳ ಸಂಕಟ.

ಮರುವರ್ಷದ ಶ್ರಾವಣಕ್ಕೆ ಮುಂಚೆ ಶಾಂತಕುಮಾರ ಅದೇ ಬಾಗಿಲಲ್ಲಿ ನಿಂತಿದ್ದ. ಸಿಡಿಲು ಹೊಡೆದು ಅವನ ಕಂಪ್ಯೂಟರ್ ಸುಟ್ಟಿತ್ತು, ಪುರಾಣವೆಲ್ಲ ಹೋಗಿತ್ತು. ಪಡೆದವರನ್ನೆಲ್ಲ ವಿಚಾರಿಸಿದರೆ, ಎಲ್ಲರೂ ಕೇಳಿ ಅಳಿಸಿಬಿಟ್ಟಿದ್ದರು. ಉಳಿದದ್ದು ಇದೊಂದೇ ಮನೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಅಮೀರ್ಬೀ, ಅವನ ಗುರುತು ಹಿಡಿದು, ನೆಟ್ಟಿನ ಕಥೆಯನ್ನೆಲ್ಲ ಹೇಳಿ ಚೆನ್ನಾಗಿ ಬೈದೇ ಒಳಗೆ ಬಿಟ್ಟಿದ್ದರು.

ಉಮಾ ಪುರಾಣ ತುಂಬಿದ ಹಾರ್ಡ್ ಡಿಸ್ಕನ್ನು ಅವನ ಕೈಗಿಟ್ಟಳು. "ಎಲ್ಲಾ ಇದ್ರಾಗ ಅವ. ಒಂದೂ ಅಳಿಸಿಲ್ಲ. ತಗೊಂಡು ಹೋಗ್ರಿ."

"ಅವತ್ತ ಯಾಕ ಹೇಳಲಿಲ್ರಿ?"

"ನೀವು ಸಾಫ್ಟ್‌ವೇರಿನ ಹೆಸರು ಕೇಳಿದ್ರಿ. ಕಾರಣ ಕೇಳಲಿಲ್ಲ."

ಅವನು ತಲೆ ತಗ್ಗಿಸಿದ. ಅವಳ ಕಣ್ಣು ತುಂಬಿ ಬಂತು, ಆದರೆ ದನಿ ಮೆತ್ತಗಾಗಲಿಲ್ಲ.

"ನಿಮ್ಮ ಪುರಾಣ ನಿಮಗ ಹೊಳ್ಳಿ ಸಿಕ್ತು. ನಮ್ಮವ್ವ ಕೇಳದೇ ಮಲಗಿದ ವರ್ಷ ಯಾರು ಹೊಳ್ಳಿ ಕೊಡ್ತಾರ?"

ಶಾಂತಕುಮಾರ ಡಿಸ್ಕ್ ಹಿಡಿದು ಅಲ್ಲೇ ನಿಂತ.

"ಆಮ್ಯಾಲ ನಾ ಬ್ಯಾರೆ ಯಾರ ಮನಿಗೂ ಹೆಣ್ಣು ನೋಡಾಕ ಹೋಗಿಲ್ರಿ. ನಿಮ್ಮ ಮ್ಯಾಲಿನ ಸಿಟ್ಟು ಅಂತ ತಿಳ್ಕೊಂಡಿದ್ದೆ... ಸಿಟ್ಟಲ್ಲ ಅದು."

"ನಂದು ಸಿಟ್ಟೇ. ಇನ್ನೂ ಅದ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಿರಿಯರನ್ನ ಕರ್ಕೊಂಡು ಬರ್ಲಾ?"

"ಬ್ಯಾಡ. ಅವ್ವ ಒಳಗ ಮಲಗ್ಯಾಳ. ಮೊದ್ಲ ಆಕಿ ಮುಂದ ತಪ್ಪು ಒಪ್ಕೊಳ್ರಿ."

"ಮಾರಿ ತಿರುವಿದ್ರ?"

"ತಿರುವೇ ತಿರುವ್ತಾಳ. ಈ ಕಡೆ ಹೊಳ್ಳೋ ತನಕ ಕುಂದ್ರಿ," ಎಂದು ಉಮಾ ಒಳಕೋಣೆಯ ಬಾಗಿಲು ತೆರೆದಳು. "ಬಾಜೂಕ ನಾನೂ ಕುಂದರ್ತೀನಿ."