ವಸ್ತ್ರದ ಕೆಳಗೆ ಕುದುರಿದ ವಿಷ

ಒಪ್ಪಂದ ಇಷ್ಟೇ: ರಾಣಿಯ ನೋವು ಹೋದರೆ ಏಳು ತಲೆಮಾರಿಗೆ ಸುಂಕವಿಲ್ಲದ ವ್ಯಾಪಾರ, ಹೋಗದಿದ್ದರೆ ತಲೆದಂಡ. ಬಹಳ ಹಿಂದೆ ಹವಳಗಿರಿ ಎಂಬ ರಾಜ್ಯದಲ್ಲಿ, ಕಸ್ತೂರಿ ಮಾರುವ ಸಂಕಣ್ಣ ಶೆಟ್ಟಿ ಇದಕ್ಕೆ ಹೆಬ್ಬೆಟ್ಟು ಒತ್ತಿದ.

ರಾಣಿ ಮಲಯವ್ವೆಗೆ ಒಂಬತ್ತು ವರ್ಷದಿಂದ ಬೆನ್ನುನೋವು. ಮಾಂತ್ರಿಕ ಧೂಮಾಂಗ ಕೊಡುವ ಕಷಾಯ ಕುಡಿದರೆ ನೋವೂ ಇಲ್ಲ, ಎಚ್ಚರವೂ ಇಲ್ಲ. ಬಟ್ಟಲಿಗೊಂದು ಊರು ಅವನ ಬೆಲೆ. ರಾಣಿ ನರಳಿದಷ್ಟೂ ಅವನು ಎತ್ತರ ಬೆಳೆಯುತ್ತಿದ್ದ. ಈಗಾಗಲೇ ತಲೆ ಜಂತೆಗೆ ತಾಗುತ್ತಿತ್ತು.

ಗವಿಯಲ್ಲಿದ್ದ ಮುದಿ ಜೇಡ, ಜೇಡಜ್ಜಿ, ಕಚ್ಚಿದರೂ ಬದುಕಿ ಬಂದ ಕುರುಬನೊಬ್ಬನಿಗೆ ಮುಳ್ಳು ತುಳಿದರೂ ನೋಯುವುದಿಲ್ಲವೆಂದು ಸಂಕಣ್ಣ ಸಂತೆಯಲ್ಲಿ ಕೇಳಿದ್ದ. ಗವಿಗೆ ಹೋದರೆ ಧೂಮಾಂಗ ಬೆನ್ನಿಗೇ ಬಂದ.

"ಅಜ್ಜಿ, ಇವನು ಹೇಳಿದ್ದಕ್ಕಿಂತ ಒಂದು ಹೆಚ್ಚು ಕೊಡುತ್ತೇನೆ. ವಿಷ ನನಗೆ ಕೊಡು."

ಅಜ್ಜಿಯ ಬೆಲೆ ಯಾವಾಗಲೂ ಆಯುಷ್ಯದ ವರ್ಷಗಳಲ್ಲಿ. ಧೂಮಾಂಗನಿಗೆ ಬೆಲೆ ತಿಳಿಯದಿರಲೆಂದು ಸಂಕಣ್ಣ ದನದ ಸಂತೆಯವರಂತೆ ಹೆಗಲ ವಸ್ತ್ರವನ್ನು ಎರಡೂ ಕೈಗಳ ಮೇಲೆ ಹೊದಿಸಿ ಚಾಚಿದ. ಅಜ್ಜಿ ಅದರಡಿ ಕಾಲುಗಳನ್ನು ತೂರಿಸಿ ಎಂಟು ಬೆರಳು ಹಿಡಿದಳು, ಬೆರಳಿಗೊಂದು ವರ್ಷ. ಅವನು ಕೊಡವಿದ. ನಾಲ್ಕು ಹಿಡಿದಳು. ಕೊಡವಿದ. ಕೊನೆಗೆ ಒಂದೇ ಒಂದು ಹಿಡಿದಳು. ಈ ಸಲ ಅವನು ಕೊಡವಲಿಲ್ಲ.

"ಎಷ್ಟಕ್ಕೆ ಮುಗಿಯಿತು?" ಎಂದ ಧೂಮಾಂಗ.

"ವಸ್ತ್ರದ ಕೆಳಗಿನ ಮಾತು ನಿನಗ್ಯಾಕೋ ಉದ್ದಣ್ಣ?" ಎಂದಳು ಅಜ್ಜಿ. ಮೂರು ಹನಿ ವಿಷ ಸಂಕಣ್ಣನ ಸೀಸೆಗೆ ಇಳಿಯಿತು.

ಗಿರಾಕಿಗೆ ಕೊಡುವ ಮೊದಲು ಸರಕನ್ನು ತಾನೇ ನೋಡುವುದು ಕಸುಬಿನ ಪದ್ಧತಿ. ಮೊದಲ ಹನಿಯನ್ನು ಒಂದು ಕೊಡ ನೀರಿಗೆ ಬಿಟ್ಟು, ಅದರಲ್ಲೊಂದು ತೊಟ್ಟನ್ನು ತನ್ನ ಹುಳುಕು ಹಲ್ಲಿಗೆ ಹಚ್ಚಿದ: ದವಡೆಯೇ ಮರಗಟ್ಟಿತು. ಎರಡನೆಯದನ್ನು ಹಂಡೆಗೆ ಬಿಟ್ಟ: ನೋವು ಹೋಯಿತು, ನಾಲಿಗೆಯ ಉಪ್ಪುಹುಳಿಯೂ ಹೋಯಿತು. ಉಳಿದದ್ದು ಒಂದೇ ಹನಿ, ಒಂದೇ ತಲೆ. ಗಟ್ಟಿ ಮನಸ್ಸು ಮಾಡಿ ಅರಮನೆಯ ಕೊಳಕ್ಕೇ ಬಿಟ್ಟ: ನೋವು ಮಾತ್ರ ಹೋಯಿತು.

ಆ ನೀರು ಹಚ್ಚಿದ ಮೇಲೆ ರಾಣಿ ನೆಟ್ಟಗೆ ಕುಳಿತಳು. "ಹಾಸಿಗೆಯ ತಂಪು ತಿಳಿಯುತ್ತಿದೆ, ನೋವು ತಿಳಿಯುತ್ತಿಲ್ಲ. ಇದೇನು ಶೆಟ್ಟಿ?"

"ಧೂಮಾಂಗ ಮೈಯ ಬಾಗಿಲನ್ನೆಲ್ಲ ಮುಚ್ಚುತ್ತಿದ್ದ, ತಾಯಿ. ಇದು ನೋವು ಬರುವ ಬಾಗಿಲನ್ನಷ್ಟೇ ಮುಚ್ಚುತ್ತದೆ."

"ಕರೆಯಿರಿ ಅವನನ್ನು."

ಧೂಮಾಂಗ ಬಂದ. ನರಳಾಟವಿಲ್ಲದ ಅರಮನೆಯಲ್ಲಿ ಹೆಜ್ಜೆಹೆಜ್ಜೆಗೂ ಕುಗ್ಗಿದ. ಹೊಸ್ತಿಲು ದಾಟುವಾಗ ನೊಣದಷ್ಟಾಗಿದ್ದ. ಬಾಗಿಲ ಮೂಲೆಯಲ್ಲಿದ್ದ ಜೇಡಜ್ಜಿಯ ಮೊಮ್ಮಗಳು ನಿಧಾನವಾಗಿ ನೂಲಿಳಿದು ಬಂದಳು.

ಒಟ್ಟು ಸಿಕ್ಕಿದ್ದು: ರಾಣಿಗೆ ಅವಳ ಬೆನ್ನು, ರಾಜ್ಯಕ್ಕೆ ಕಳೆದುಹೋದ ಊರುಗಳು, ನೋವುಂಡ ಜನಕ್ಕೆಲ್ಲ ಒಂದು ಕೊಳದ ತುಂಬ ಮದ್ದು, ಜೇಡದ ಮರಿಗೆ ಒಂದು ಹೊತ್ತಿನ ಊಟ. ಸಂಕಣ್ಣನಿಗೆ ಏಳು ತಲೆಮಾರಿನ ಸುಂಕ ಮಾಫಿ, ಅಜ್ಜಿಗೆ ಕೊಟ್ಟ ಒಂದು ವರ್ಷ ಕಳೆದು ಉಳಿದ ಆಯುಷ್ಯವೆಲ್ಲ.