ಬ್ರೇಕಿನೊಳಗಿನ ಗಾಳಿ

ಅವಳು ಬೀಸಿದ ಸುತ್ತಿಗೆಯ ಮೊದಲ ಏಟಿಗೇ ಗ್ಯಾರೇಜಿನೆದುರಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಮುಂಗಾಜು ಬಿರಿಯಿತು.

"ಹುಚ್ಚು ಹಿಡಿದಿದ್ಯಾ ನಿಂಗೆ? ಈ ಗಾಡಿ ಗಾಜು ಈಗೆಲ್ಲಿ ಸಿಗುತ್ತೆ?" ಒಳಗಿದ್ದವನು ಕೂಗಿದ.

"ಇಳೀತೀಯೋ, ಇನ್ನೊಂದು ಕೊಡ್ಲೋ?"

ಹೋದ ವಾರವಷ್ಟೇ ಅವಳ ಅಣ್ಣ, ಅಂದರೆ ಈ ಗ್ಯಾರೇಜಿನ ಯಜಮಾನ, "ನನ್ನ ತಂಗಿ ಕಡೆ ಕಣ್ಣು ಹಾಕಿದ್ರೆ ಕಾಲು ಮುರೀತೀನಿ" ಎಂದು ಜಾಕ್ ರಾಡು ಹಿಡಿದು ಇವನನ್ನು ಅಟ್ಟಿದ್ದ. ರೋಷಕ್ಕೆ ಬಿದ್ದ ಈ ಮಹಾನುಭಾವ ಮುಂದಿನ ಚಕ್ರಗಳಿಗೆ ದೊಡ್ಡ ಬ್ರೇಕನ್ನು ಮನೆಯಲ್ಲೇ ಕೂರಿಸಿಕೊಂಡ. ಇವತ್ತು ಬೆಟ್ಟದ ರೇಸಿಗೆ ಹೊರಟವನು, ಅವಳನ್ನೊಮ್ಮೆ ನೋಡಿ ಹೋಗೋಣವೆಂದು ಗೇಟಿನೆದುರು ನಿಲ್ಲಿಸಿದ್ದ.

ಅವಳೂ ನೋಡಿದಳು. ಮೊದಲು ಆ ತುಂಟ ಕಣ್ಣು, ಆಮೇಲೆ ಚಕ್ರದ ಸಂದಿಯಲ್ಲಿ ಹೊಳೆಯುವ, ಬ್ರೇಕನ್ನು ಹಿಡಿದು ಒತ್ತುವ ಹೊಸ ಕ್ಯಾಲಿಪರ್. ಗಾಳಿ ತೆಗೆಯುವ ಸ್ಕ್ರೂ ಮೇಲಿರಬೇಕಾದದ್ದು ನೆಲ ನೋಡುತ್ತಿತ್ತು! ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದ. ಗಾಳಿಯೆಲ್ಲ ಬ್ರೇಕ್ ಎಣ್ಣೆಯೊಳಗೇ ಉಳಿದಿತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲ್ಲ, ಹೋಗಬೇಡ ಎಂದರೆ, "ನನ್ನ ಕೆಲಸ ನೋಡಿ ಹೊಟ್ಟೆಕಿಚ್ಚಾ?" ಎಂದು ಕಣ್ಣು ಹೊಡೆದು ಗೇರ್ ಹಾಕಿದ. ಸುತ್ತಿಗೆ ಅವಳ ಕೈಗೆ ಬಂದದ್ದು ಆಗಲೇ.

ಈಗ ಅವನು ಧಡಾರನೆ ಇಳಿದು ಅವಳ ಮಣಿಕಟ್ಟು ಹಿಡಿದ. ಅಷ್ಟು ಕಂಡದ್ದೇ ತಡ, ಅಣ್ಣ ಓಡಿ ಬಂದು ಹಿಂದುಮುಂದು ನೋಡದೆ ಗುದ್ದಿದ. ಅವನ ಮೂಗಿನಿಂದ ರಕ್ತ ಬಳಬಳ ಸುರಿಯಿತು. ಬಿದ್ದವನನ್ನು ಒದೆಯಲು ಅಣ್ಣ ಕಾಲೆತ್ತಿದಾಗ ಅವಳು ಅಣ್ಣನ ಕೆನ್ನೆಗೇ ಬಾರಿಸಿದಳು.

"ಅವನನ್ನಲ್ಲ ಅಣ್ಣಾ, ಆ ಬ್ರೇಕ್ ಪೆಡಲ್ ಒದ್ದು ನೋಡು!"

ಅಣ್ಣ ಕೆನ್ನೆ ಸವರಿಕೊಂಡು ಸೀಟಿನಲ್ಲಿ ಕೂತು ಒತ್ತಿದ. ಪೆಡಲ್ ಮೆತ್ತಗೆ ಇಳಿದು ತಳ ಮುಟ್ಟಿತು.

"ಅಯ್ಯೋ ಪಾಪಿ! ಮೊದಲ ಇಳಿಜಾರಿಗೇ ಸತ್ತಿರ್ತಿದ್ದೆ ನೀನು," ಅಣ್ಣ ಬೈದ.

"ಹೊಸದಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ ಅಂದ್ಕೊಂಡಿದ್ದೆ," ಎಂದು ಅವನು ರಕ್ತ ಒರೆಸಿಕೊಂಡ.

ಅವಳು ಅವನ ಕಾಲರ್ ಹಿಡಿದು ಕುಲುಕಿದಳು. ಕುಲುಕುತ್ತಲೇ ಗೊಳೋ ಎಂದು ಅತ್ತಳು. "ನೀನು ಸತ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಪ್ರೀತಿ ಮಾಡೋಕೆ ನಂಗೆ ಬೇರೆ ಮುಠ್ಠಾಳ ಎಲ್ಲಿ ಸಿಗ್ತಾನೆ?"

ರೇಸಿನ ಹೊತ್ತು ಮೀರಿತು. ಮೂವರೂ ಸೇರಿ ಕ್ಯಾಲಿಪರ್‌ಗಳನ್ನು ಬಿಚ್ಚಿ ತಮ್ಮ ತಮ್ಮ ಕಡೆಗೆ ಹಾಕಿದರು. ಗಾಳಿ ತೆಗೆಯಲು ಅಣ್ಣ ಸೀಟಿನಲ್ಲಿ, ಇವರಿಬ್ಬರು ಚಕ್ರದ ಬಳಿ.

"ಅಣ್ಣಾ, ಒತ್ತಿ ಹಿಡ್ಕೋ!" ಎಂದು ಅವಳು ಸ್ಕ್ರೂ ಸಡಿಲಿಸಿದಳು. ಗುಳ್ಳೆಗಳು ಬುಳುಬುಳು ಹೊರಬಂದವು.

ಅವನು ಪಿಸುಗುಟ್ಟಿದ, "ಮದುವೆ ಆಗೋಣ ಅಂದ್ರೆ ನಿಮ್ಮಣ್ಣ ಮತ್ತೆ ಹೊಡೀತಾನೇನೋ."

"ಹೊಡೀಲಿ ನೋಡೋಣ," ಅವಳು ಸ್ಕ್ರೂ ಬಿಗಿ ಮಾಡಿದಳು. "ನಿನ್ನ ಮೇಲೆ ಕೈ ಮಾಡೋ ಹಕ್ಕು ಇನ್ಮೇಲೆ ನಂದೊಬ್ಬಳದೇ."